ಅಂದಾನಪ್ಪ ತಿದ್ದಿಸಿದ ಅಕ್ಷರ

ಬೆಳವಣಕಿಯಲ್ಲಿ ಅಕ್ಷರ ಬಲ್ಲವರು ಹತ್ತೊಂಬತ್ತು ಮಂದಿ. ಹತ್ತೊಂಬತ್ತೂ ಅಂದಾನಪ್ಪ ಮಾಸ್ತರನ ಕೈಯಲ್ಲಿ ತಿದ್ದಿದವರೇ. ಮಠದ ಪಡಸಾಲೆಯಲ್ಲಿ ಮರಳು ಹರವಿ, ಮಗುವಿನ ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದು, ಒಂದೊಂದು ಅಕ್ಷರವನ್ನೂ ನೂರು ಸಲ ತಿದ್ದಿಸುತ್ತಿದ್ದ. ಬಾಯಿ ಹಾಡುತ್ತಿರಬೇಕು, ಬೆರಳು ಓಡುತ್ತಿರಬೇಕು. ಹೀಗೆ ಇಪ್ಪತ್ತು ವರ್ಷ. ಅವನ ಅಕ್ಷರ ಬಲಕ್ಕೆ ತುಸು ವಾಲುತ್ತಿತ್ತು. ಊರಿನ ಅಕ್ಷರವೆಲ್ಲ ಬಲಕ್ಕೆ ವಾಲಿತು. ರೋಣದ ಸಂತೆಯಲ್ಲಿ ಯಾರಾದರೂ ಚೀಟಿ ನೋಡಿ ‘ಇದು ಬೆಳವಣಕೀದು’ ಎಂದರೆ ಅವನಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಹೋದ ವರ್ಷ ಧಾರವಾಡದ ಕಡೆಯಿಂದ ಸಾಲೆ ತಪಾಸಣೆಯವನೊಬ್ಬ ಬಂದು ಅಚ್ಚಿನ ಹಾಳೆಗಳ ಕಟ್ಟು ಕೊಟ್ಟಿದ್ದ. ಸಣ್ಣ ಮಕ್ಕಳಿಗೆ ಇನ್ನು ತಿದ್ದಿಸುವುದು ಬೇಡ, ಹಾಳೆಯನ್ನು ಗೋಡೆಗೆ ತೂಗಿಸಿ ಇಡೀ ಶಬ್ದವನ್ನೇ ತೋರಿಸಿ ಓದಿಸಬೇಕು, ಬರವಣಿಗೆ ಆಮೇಲೆ ಎಂದಿದ್ದ.

“ಬೆರಳಿಗೆ ಗೊತ್ತಿಲ್ಲದ್ದು ಕಣ್ಣಿಗೆ ಹ್ಯಾಂಗ ಗೊತ್ತಾಗಬೇಕ್ರಿ?” ಎಂದು ಅಂದಾನಪ್ಪ ಕಟ್ಟನ್ನು ಅಟ್ಟಕ್ಕೇರಿಸಿದ್ದ.

ಸಾವಿರದ ಎಂಟುನೂರ ಐವತ್ತೆಂಟರ ಮುಂಗಾರಿನಲ್ಲಿ ನರಗುಂದ ದಂಗೆಯೆದ್ದಿತು, ಕೋಟೆ ಬಿದ್ದಿತು. ಹದಿನೈದು ದಿನದೊಳಗೆ ಸರಕಾರದ ಸಿಪಾಯಿಗಳು ಬೆಳವಣಕಿಗೆ ಬಂದು ಬಾಳವ್ವನ ಮಗ ದ್ಯಾಮಪ್ಪನನ್ನು ಹಿಡಿದುಕೊಂಡು ಹೋದರು. ದಂಗೆಯವರ ಹತ್ತಿರ ಸಿಕ್ಕ ಚೀಟಿಯ ಅಕ್ಷರ ಅವನದು ಎಂದು ಯಾರೋ ಹೇಳಿದ್ದರು.

“ಅವನ ಕೈ ಹಿಡದು ತಿದ್ದಿಸಿದಾವ್ರು ನೀವು,” ಎಂದಳು ಬಾಳವ್ವ. “ಅವಂದಲ್ಲ ಅಂತ ಒಂದು ಮಾತ ಹೇಳಿ ಬರ್ರಿ. ನಾ ಹೇಳಿದ್ರ ಹೆಣ್ಣಮಗಳು ಅಳತೈತಿ ಅಂತಾರ.”

“ಅವಂದಲ್ಲ ಅಂತ ನಿನಗ ಖರೇ ಗೊತ್ತೈತೇನಬೇ?”

“ಅವ ಬರಿಯೂದು ಬಿಟ್ಟು ಆರು ವರ್ಷ ಆತ್ರಿ. ಎತ್ತಿನ ಹಗ್ಗ ಬಿಟ್ಟು ಮತ್ತೇನ ಹಿಡದಾನ್ರಿ ಅವ?”

ಅಂದಾನಪ್ಪ ಕೆಸರು ತುಳಿಯುತ್ತ ರೋಣಕ್ಕೆ ಹೋದ. ಸಿಪಾಯಿಗಳ ಡೇರೆಯಲ್ಲಿ ಕುಳಿತಿದ್ದ ಕಾರಕೂನ ಚೀಟಿಯನ್ನು ಮುಂದಿಟ್ಟ. ‘ಎರಡು ಬಂಡಿ ಜೋಳ ಕಳಿಸಿದ್ದೇವೆ, ಬಾಗಿಲು ತೆಗೆಸಿಡಿರಿ.’ ಹೆಸರಿರಲಿಲ್ಲ. ಅಕ್ಷರ ಬಲಕ್ಕೆ ವಾಲಿತ್ತು. ದ್ಯಾಮಪ್ಪನದಿರಬಹುದು, ಅವನ ಜೊತೆ ತಿದ್ದಿದ ಶಿವನಪ್ಪನದಿರಬಹುದು, ಮದರಸಾಬನದೂ ಇರಬಹುದು. ಒಂದು ಗಳಿಗೆ ತನ್ನದೇ ಅನ್ನಿಸಿ, ಎಂದಾದರೂ ಬರೆದು ಮರೆತೆನೇ ಎಂದು ಅಂದಾನಪ್ಪ ನೆನಪಿನಲ್ಲಿ ತಡಕಾಡಿದ.

“ಯಾರದು?”

“ಹೇಳಾಕ ಬರೂದಿಲ್ರಿ. ನಮ್ಮೂರಾಗ ಎಲ್ಲಾರೂ ಹಿಂಗ ಬರೀತಾರ್ರಿ.”

ಒಬ್ಬನ ಮೇಲಿನ ಅನುಮಾನವನ್ನು ಹತ್ತೊಂಬತ್ತು ಜನರ ಮೇಲೆ ಹರಡಿದರೆ ತೆಳ್ಳಗಾಗಿ ಹಾರಿಹೋದೀತು ಎಂಬುದು ಅವನ ಎಣಿಕೆಯಾಗಿತ್ತು.

“ಚಲೋ ಆತು,” ಎಂದ ಕಾರಕೂನ, ಕಾಗದ ಮುಂದೆ ಸರಿಸುತ್ತ. “ಎಲ್ಲಾರೂ ಅಂದ್ರ ಯಾರ್ಯಾರು, ಬರೀರಿ. ಇಲ್ಲಂದ್ರ ದ್ಯಾಮಪ್ಪ ಒಬ್ಬನ ಸಾಕು ನಮಗ.”

ಅಂದಾನಪ್ಪ ಮೊದಲು ತನ್ನ ಹೆಸರು ಬರೆದ.

“ಮುದುಕರು ಬಂಡಿ ಹೊಡ್ಯಾಂಗಿಲ್ಲ ಬಿಡ್ರಿ. ಮುಂದ.”

ಸತ್ತ ಇಬ್ಬರನ್ನು ಬರೆದ. ಊರು ಬಿಟ್ಟು ಹೋದ ಒಬ್ಬನನ್ನು ಬರೆದ. ಪಕ್ಕದಲ್ಲಿ ನಿಂತಿದ್ದ, ಎಲ್ಲರನ್ನೂ ಬಲ್ಲ ಊರ ಗೌಡ ಸಣ್ಣಗೆ ಕೆಮ್ಮಿದ. ಆಮೇಲೆ ಬದುಕಿದ್ದವರನ್ನೂ ಬರೆದ.

ಮರುದಿನ ಶಿವನಪ್ಪನನ್ನೂ ಮದರಸಾಬನನ್ನೂ ಒಯ್ದರು. ದ್ಯಾಮಪ್ಪನನ್ನು ಬಿಡಲಿಲ್ಲ.

ಸಾಲೆಗೆ ಮಕ್ಕಳ ಬದಲು ಹಿರಿಯರು ಬಂದರು. ಜಮೀನ್ದಾರ ತೋಟಪ್ಪ ಮೆತ್ತಗೇ ಮಾತು ತೆಗೆದ. “ಓದೂದು ಕಲಸ್ರಿ, ಬ್ಯಾಡ ಅನ್ನೂದಿಲ್ಲ. ಓದಿದಾಂವನ್ನ ಯಾರೂ ಹಿಡದಿಲ್ಲ. ಬರಿಯೂದು ಮಾತ್ರ ಬ್ಯಾಡ.”

“ಊರಿಗೆಲ್ಲ ಗಜ್ಜಿ ಹತ್ತಿದಾಂಗ ಹತ್ತೈತಿ ನಿಮ್ಮ ಕೈ,” ಎಂದಳು ತೋಟಪ್ಪನ ಹೆಂಡತಿ ರೇಣುಕವ್ವ. “ನನ್ನ ಮಗನಿಗೆ ಹಚ್ಚಬ್ಯಾಡ್ರಿ.”

ಅಂದಾನಪ್ಪ ವಾದಿಸಲಿಲ್ಲ. ತಿದ್ದಿಸಿದರೆ ಈ ಐದು ವರ್ಷದ ಮಕ್ಕಳೂ ಮುಂದೊಂದು ದಿನ ಆ ಡೇರೆಗೆ ಹೋಗಿ ನಿಲ್ಲುವವರೇ. ತಿದ್ದಿಸದಿದ್ದರೆ ತಮ್ಮ ಹೆಸರನ್ನೂ ಬರೆಯಲಾರರು. ಆರಿಸುವುದಕ್ಕೆ ಅವನಿಗೆ ಇನ್ನೊಂದು ದಾರಿ ಕಾಣಲಿಲ್ಲ. ಅಟ್ಟದ ಕಟ್ಟನ್ನು ಇಳಿಸಿ, ಇಲಿ ಕಡಿದ ಹಾಳೆಗಳನ್ನು ಗೋಡೆಗೆ ತೂಗಿಸಿದ. ಮರಳನ್ನು ಹೊರಗೆ ಚೆಲ್ಲಿಸಿದ. ಮಕ್ಕಳು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತು ‘ಮರ’, ‘ಮನೆ’, ‘ಬಾವಿ’ ಎಂದು ಓದಿದರು. ತಿದ್ದುತ್ತ ಮೂರು ತಿಂಗಳು ಹಿಡಿಯುತ್ತಿದ್ದುದು ಮೂರು ವಾರಕ್ಕೇ ಬಂದುಬಿಟ್ಟಿತು. ಆ ತಪಾಸಣೆಯವನ ಮಾತು ಖರೆಯಾಗಿತ್ತು. ಅದು ಅವನಿಗೆ ಸಮಾಧಾನವನ್ನೇನೂ ತರಲಿಲ್ಲ. ಒಂದು ಮಗುವಿನ ಬೆರಳು ತನ್ನಷ್ಟಕ್ಕೆ ತೊಡೆಯ ಮೇಲೆ ಸುಳಿದರೆ ಬಾಗಿಲಲ್ಲಿ ಕೂತ ತಾಯಿ “ಕೈ” ಎನ್ನುತ್ತಿದ್ದಳು. ಬೆರಳು ಒಳಗೆ ಹೋಗುತ್ತಿತ್ತು.

ಒಂದು ಬುಧವಾರ ಮಧ್ಯಾಹ್ನ ಬಾಳವ್ವ ಮತ್ತೆ ಬಂದಳು.

“ಶುಕ್ರವಾರ ಧಾರವಾಡಕ್ಕ ಒಯ್ತಾರಂತ್ರಿ. ಅದಕಿಂತ ಮೊದಲ ಅರ್ಜಿ ಮುಟ್ಟಿದ್ರ ಸಾಹೇಬ ನೋಡತಾನಂತ. ಬರದು ಕೊಡ್ರಿ.”

ಅಂದಾನಪ್ಪ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ. ಒಂದು ಸಾಲು ಬರೆದು ನೋಡಿದ. ಇನ್ನೊಂದು ಕಾಗದದ ಮೇಲೆ ಉಸಿರು ಬಿಗಿಹಿಡಿದು ನೆಟ್ಟಗೆ ಬರೆಯಲು ನೋಡಿದ. ಮೂರನೆಯ ಅಕ್ಷರಕ್ಕೆ ಕೈ ವಾಲಿತು.

“ಇದನ್ನ ಒಯ್ದಿ ಅಂದ್ರ ಅವರ ಕೈಗೆ ನೀನ ಇನ್ನೊಂದು ಚೀಟಿ ಕೊಟ್ಟಾಂಗವಾ.”

“ಊರಾಗ ಮತ್ತ್ಯಾರರೆ?”

“ಯಾರ ಬರದ್ರೂ ಹಿಂಗ. ಬರಿಯಾಕ ಯಾರೂ ಬರೂದೂ ಇಲ್ಲ. ಗಜೇಂದ್ರಗಡದ ಪ್ಯಾಟ್ಯಾಗ ಅಬ್ದುಲಮಜೀದ ಅಂತ ಅರ್ಜಿ ಬರಿಯಾಂವ ಅದಾನ. ಅವನ ಅಕ್ಷರ ಬ್ಯಾರೆ.”

“ಎಷ್ಟ ದೂರ?”

“ಒಂದೂವರಿ ದಿನದ ಹಾದಿ.”

“ಮತ್ತ ತಿರುಗಿ ಬರೂದು?”

ಅಂದಾನಪ್ಪ ಬೆರಳು ಮಡಚಿ ಎಣಿಸಿದ; ಶನಿವಾರವಾಗುತ್ತಿತ್ತು. ಬಾಳವ್ವ ಸೆರಗು ಬಿಗಿದುಕೊಂಡಳು. “ಆ ಬರಿಯಾಂವಗ ಏನಂತ ಹೇಳ್ಲಿ? ಹೇಳಿಕೊಡ್ರಿ.”

ಅವನು ಒಂದೊಂದೇ ಸಾಲು ಹೇಳಿದ. ಅವಳು ಅವನ ಹಿಂದೆಯೇ ಹೇಳಿದಳು. ‘ನನ್ನ ಮಗ ಬರೆಯುವುದನ್ನು ಬಿಟ್ಟು ಆರು ವರ್ಷವಾಯಿತು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಅಕ್ಷರ ಊರಿನದು, ಅವನೊಬ್ಬನದಲ್ಲ.’ ಎರಡನೆಯ ಸಲಕ್ಕೆ ಮಕ್ಕಳೂ, ಇದೂ ಪಾಠವೆಂದು ತಿಳಿದು, ಕಂಕುಳಲ್ಲಿ ಕೈಯಿಟ್ಟುಕೊಂಡೇ ರಾಗವಾಗಿ ದನಿಗೂಡಿಸಿದರು. ಬಾಗಿಲಲ್ಲಿದ್ದ ತಾಯಂದಿರು ಯಾರೂ ತಡೆಯಲಿಲ್ಲ.

ಬಾಯಿಪಾಠವಾಯಿತೆಂದು ಬಾಳವ್ವ ಹೊರಟಳು. ಮಠದ ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋದವಳು ನಿಂತು ತಿರುಗಿದಳು.

“ಮೂರನೇದು ಏನಂದ್ರಿ?”

ಅಂದಾನಪ್ಪ ಹೇಳಿದ. ಅವಳು ತುಟಿ ಆಡಿಸುತ್ತ, ಜಿನುಗುವ ಮಳೆಯಲ್ಲಿ ಗಜೇಂದ್ರಗಡದ ಹಾದಿ ಹಿಡಿದಳು.