ಬಾಗಿಲು ತೆಗೆಯುವ ನ್ಯಾಯಮೂರ್ತಿ

ಇಂಗಾ ಚರ್ಚಿನ ಬಾಗಿಲನ್ನು ಮೂರನೆಯ ಸಲ ತೆರೆದು ಮುಚ್ಚಿ ನೋಡಿದಳು. ಹೊರಗೆ ಬಿಸ್ಮಾರ್ಕ್ ಊರಿನ ಗಾಳಿ ಎಂದಿನಂತೆ ಯಾರ ಮಾತನ್ನೂ ಕೇಳದೆ ಬೀಸುತ್ತಿತ್ತು.

"ಪೆಟ್ಟಿಗೆ ಹೊರಡೋ ಹೊತ್ತಿಗೆ ಇದು ತೆಗೆದಿರಬೇಕು ಡೆಲ್ಮರ್. ಇವತ್ತಾದ್ರೂ ನಮ್ಮ ಆರ್ವಿಡ್‌ಗೆ ಬೇರೆ ಯಾರಾದ್ರೂ ಬಾಗಿಲು ತೆಗೀಲಿ."

ಶವಸಂಸ್ಕಾರದ ಉಸ್ತುವಾರಿ ಹೊತ್ತಿದ್ದ ಡೆಲ್ಮರ್ ಇಂಥ ಬೇಡಿಕೆ ಹಿಂದೆಂದೂ ಕೇಳಿರಲಿಲ್ಲ. "ನಾನೇ ಹಿಡ್ಕೊಂಡಿರ್ತೀನಿ ಅಮ್ಮಾ" ಅಂದ.

"ಪೆಟ್ಟಿಗೆ ಹೊರೋರನ್ನ ನಂಬಬೇಡ. ಅದ್ರಲ್ಲಿ ನಾಲ್ಕು ಜನ ನ್ಯಾಯಮೂರ್ತಿಗಳು. ಬಾಗಿಲು ತೆಗೆದು ಅಭ್ಯಾಸ ಇಲ್ಲ ಅವರಲ್ಲಿ ಮೂವರಿಗೆ."

*

ಅಲ್ಲಿ ರಾಜ್ಯಕ್ಕೇ ಒಂದು ಸುಪ್ರೀಂ ಕೋರ್ಟು; ಅದರಲ್ಲಿ ನ್ಯಾಯಮೂರ್ತಿಗಳು ಐವರು. ಅವರು ತೀರ್ಪಿನ ಚರ್ಚೆಗೆ ಕೂತ ಕೋಣೆಗೆ ಆರನೆಯವರು ಕಾಲಿಡುವಂತಿಲ್ಲ. ಯಾರಾದರೂ ತಟ್ಟಿದರೆ ಎದ್ದು ಬಾಗಿಲು ತೆಗೆಯುವುದು, ಕಾಫಿ ತರುವುದು, ಎಲ್ಲರಿಗಿಂತ ಕೊನೆಗೆ ಸೇರಿದವರ ಪಾಲಿನ ಕೆಲಸ. ಇಂಗಾಳ ಗಂಡ ಆರ್ವಿಡ್ ಸೇರಿದಾಗ ಅವನಿಗೆ ಐವತ್ತು. "ಒಂದೆರಡು ವರ್ಷ, ಅಷ್ಟೆ" ಅಂದಿದ್ದ. ಹದಿನಾಲ್ಕು ವರ್ಷ ಯಾರೂ ನಿವೃತ್ತರಾಗಲಿಲ್ಲ, ಸಾಯಲೂ ಇಲ್ಲ. ಡಕೋಟಾದ ಚಳಿಯಲ್ಲಿ ಮಾಂಸವೂ ಕೆಡುವುದಿಲ್ಲ, ನ್ಯಾಯಮೂರ್ತಿಗಳೂ ಕೆಡುವುದಿಲ್ಲ.

"ಆ ಬ್ರಾಟನ್‌ಗೆ ಕಾಲಿಲ್ವಾ?" ಎಂದು ಇಂಗಾ ಊಟಕ್ಕೆ ಕೂತಾಗೆಲ್ಲ ಕೇಳುತ್ತಿದ್ದಳು. ಬ್ರಾಟನ್ ಮುಖ್ಯ ನ್ಯಾಯಮೂರ್ತಿ. "ನೀನು ಓದಿದ್ದು ಕಾನೂನಾ, ಕಾಫಿ ಸೋಸೋದಾ?"

"ಬಾಗಿಲು ಸುಲಭ ಕಣೆ. ತೀರ್ಪೇ ಕಷ್ಟ" ಎಂದು ಅವನು ಆಲೂಗಡ್ಡೆ ಹಿಸುಕುತ್ತಿದ್ದ. ಅವನು ಬರೆದ ತೀರ್ಪು ಮೂರು ಪುಟ ದಾಟುತ್ತಿರಲಿಲ್ಲ. ಬೇಲಿ ಜಗಳದ ರೈತರೂ ಓದಿಕೊಂಡು, ಸೋತವನು ಬೈದುಕೊಂಡು, ಮನೆಗೆ ಹೋಗುತ್ತಿದ್ದರು. ಬ್ರಾಟನ್ ಬರೆದದ್ದು ನಲವತ್ತು ಪುಟ; ಗೆದ್ದವನಿಗೂ ತಾನು ಗೆದ್ದದ್ದು ತಿಳಿಯುತ್ತಿರಲಿಲ್ಲ.

*

ಪ್ರಾರ್ಥನೆಗೆ ಮೊದಲು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಆರ್ವಿಡ್‌ನ ನಂತರ ಸೇರಿದ ನ್ಯಾಯಮೂರ್ತಿ ಡೆನೀಸ್ ಇಂಗಾಳ ಪಕ್ಕ ಬಂದು ಕೂತಳು.

"ನಾನು ಸೇರಿ ಒಂಬತ್ತು ವರ್ಷ ಆಯ್ತು. ಒಂದ್ಸಲಾನೂ ನನ್ನ ಏಳೋಕೆ ಬಿಡಲಿಲ್ಲ ನಿಮ್ಮನೆಯವರು. ಬಾಗಿಲು ತಟ್ಟಿದ್ರೆ, 'ಕೂತ್ಕೊಳಮ್ಮ' ಅಂತ ತಾವೇ ಎದ್ದು ಹೋಗೋರು."

ಇಂಗಾ ಲೋಟದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದಳು. ಡೆನೀಸ್ ಬಂದ ದಿನವೇ ಆ ಅವಮಾನ ಮುಗಿಯಿತೆಂದು ಅವಳು ನಂಬಿದ್ದಳು. "ಅವನಿಗೆ ಬ್ರಾಟನ್ ಹೇಳಿದ್ನಾ, ನೀನೇ ಮಾಡು ಅಂತ?"

"ಅಯ್ಯೋ, ಇಲ್ಲ ಇಂಗಾ." ಕೋರ್ಟಿನ ಹಳೆಯ ಗುಮಾಸ್ತೆ ಮೇವಿಸ್ ಎದುರಿನಿಂದ ಬಾಯಿ ಹಾಕಿದಳು. "ನಿಮ್ಮನೆಯವರೇ ನಂಗೆ ಹೇಳಿಟ್ಟಿದ್ರು. ಬ್ರಾಟನ್ ಸಾಹೇಬ್ರ ಮಾತು ಇಪ್ಪತ್ತು ನಿಮಿಷ ದಾಟಿದ್ರೆ ಬಂದು ತಟ್ಟು ಅಂತ. ಆಚೆ ಬಂದು, ನನ್ನ ಡಬ್ಬಿಯಿಂದ ಒಂದು ಡೋನಟ್ ತಿಂದು, ಮುಖ ಗಂಭೀರ ಮಾಡ್ಕೊಂಡು ಒಳಗೆ ಹೋಗೋರು."

"ಡೋನಟ್ಟಾ? ಸಕ್ಕರೆ ಕಾಯಿಲೆ ಇತ್ತಲ್ಲೇ ಅವನಿಗೆ."

"ಅದಕ್ಕೇ ಅರ್ಧ ತಿಂತಿದ್ರು. ಉಳಿದರ್ಧ ಮುಂದಿನ ಸಲ ತಟ್ಟಿದಾಗ."

ಗಂಡನ ಪರವಾಗಿ ಇಪ್ಪತ್ಮೂರು ವರ್ಷ ಹೊತ್ತ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಇಂಗಾಳಿಗೆ ತಿಳಿಯಲಿಲ್ಲ. ಸತ್ತವನ ಮೇಲೇ ಸಿಟ್ಟು ಬಂತು. ಮನೆಗೆ ಹೋದ ಮೇಲೆ ಬಯ್ಯೋಣವೆಂದುಕೊಂಡಳು. ಬಯ್ಯಲು ಅವನಿಲ್ಲವೆಂದು ಹೊಳೆಯಿತು. ಖಾಲಿ ಲೋಟವನ್ನು ಹಿಡಿದುಕೊಂಡೇ ಪ್ರಾರ್ಥನೆಗೆ ಮೇಲೆ ಹೋದಳು.

ಪ್ರಾರ್ಥನೆ ಮುಗಿಯಿತು. ನಾಲ್ವರು ನ್ಯಾಯಮೂರ್ತಿಗಳೂ ಇಬ್ಬರು ಅಳಿಯಂದಿರೂ ಪೆಟ್ಟಿಗೆ ಎತ್ತಿದರು. ಡೆಲ್ಮರ್ ಬಾಗಿಲನ್ನು ತೆರೆದಿಟ್ಟು, ಶವದ ಗಾಡಿಯ ಹಿಂಬದಿ ತೆಗೆಯಲು ಒಂದೇ ಒಂದು ನಿಮಿಷ ಹೊರಗೆ ಹೋದ. ಗಾಳಿಗೆ ಅಷ್ಟು ಸಾಕಾಯಿತು. ಬಾಗಿಲು ದಡಾರನೆ ಮುಚ್ಚಿ ಒಳಗಿನ ಚಿಲಕ ಬಿತ್ತು.

ಪೆಟ್ಟಿಗೆ ಬಾಗಿಲ ಮುಂದೆ ನಿಂತಿತು.

ಹೊರಗಿನಿಂದ ಡೆಲ್ಮರ್ ತಟ್ಟಿದ. ಟಕ್, ಟಕ್, ಟಕ್.

ಯಾರೂ ಅಲುಗಲಿಲ್ಲ. ಬ್ರಾಟನ್ ಅಭ್ಯಾಸಬಲದಿಂದ ಪೆಟ್ಟಿಗೆಯ ಕಡೆ ನೋಡಿದ. ಉಳಿದ ಮೂವರೂ ನೋಡಿದರು. ಮತ್ತೆ ಟಕ್, ಟಕ್. ಡೆನೀಸ್ ಪೆಟ್ಟಿಗೆಯ ಹಿಡಿ ಬಿಡಲು ಹೋದಳು.

"ನೀನು ಬೇಡ ಕಣಮ್ಮ" ಅಂದಳು ಇಂಗಾ. "ಅವನಿಗೆ ಇಷ್ಟ ಆಗಲ್ಲ."

ಎಪ್ಪತ್ತೊಂಬತ್ತರ ಬ್ರಾಟನ್ ತನ್ನ ಹಿಡಿಯನ್ನು ಮೇವಿಸ್ ಕೈಗೆ ಕೊಟ್ಟು, ಹೋಗಿ ಚಿಲಕದ ಜೊತೆ ಗುದ್ದಾಡಿದ. ಬಾಗಿಲು ತೆರೆಯಿತು. ಗಾಳಿ ಅವನ ಕೂದಲನ್ನು ಎತ್ತಿ ನಿಲ್ಲಿಸಿತು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಪೆಟ್ಟಿಗೆಯಲ್ಲಿ ಆರ್ವಿಡ್ ದಾಟಿದ. ಹಿಂದೆಯೇ ಬಂದ ಇಂಗಾ ಒಂದು ಗಳಿಗೆ ನಿಂತು, ಕೈಯಲ್ಲಿದ್ದ ಖಾಲಿ ಲೋಟವನ್ನು ಬ್ರಾಟನ್‌ನ ಮುಂದೆ ಹಿಡಿದಳು.

ಕೊನೆಯ ಮುದುಕಿ ಕೋಲೂರಿಕೊಂಡು ಮೆಟ್ಟಿಲಿಳಿಯುವವರೆಗೂ ಮುಖ್ಯ ನ್ಯಾಯಮೂರ್ತಿ ಆ ಲೋಟ ಹಿಡಿದು, ಬಾಗಿಲಿಗೆ ಬೆನ್ನೊತ್ತಿ ನಿಂತೇ ಇದ್ದ.