ಯಾರೂ ಒದೆಯದ ಚೆಂಡು

ನಾನು ಒಂದು ಫುಟ್‌ಬಾಲ್. ಹಾಗೆಂದು ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆ. ಹುಟ್ಟಿ ಹನ್ನೆರಡು ವರ್ಷವಾದರೂ ಒಂದು ಪಂದ್ಯವನ್ನೂ ಆಡಿದವನಲ್ಲ. ನನ್ನ ಜೊತೆ ಹುಟ್ಟಿದವರೆಲ್ಲ ಒದೆ ತಿಂದು ತಿಂದು ಸವೆದು, ಹೊಲಿಗೆ ಬಿಟ್ಟು, ಯಾವ್ಯಾವುದೋ ಊರಿನ ಗುಜರಿ ಸೇರಿ ಮುಕ್ತಿ ಪಡೆದಿರಬೇಕು. ನಾನು ಮಾತ್ರ ಮದುಮಗನ ಹಾಗೆ ರೇಷ್ಮೆ ಶಾಲು ಹೊದ್ದು ಕೂತಿದ್ದೇನೆ. ಚೆಂಡಿನ ಜಾತಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ನಾನು ಹುಟ್ಟಿದ್ದು ಜಲಂಧರದಲ್ಲಿ. ಸುರ್ಜೀತ್ ಕೌರ್ ಎಂಬ ಹೆಂಗಸು ಮನೆಯ ಜಗುಲಿಯ ಮೇಲೆ ಕೂತು, ಎರಡು ಸೂಜಿ ಮತ್ತು ಮೇಣ ಹಚ್ಚಿದ ದಾರ ಹಿಡಿದು, ನನ್ನ ಮೂವತ್ತೆರಡು ತುಂಡುಗಳನ್ನು ಒಂದಕ್ಕೊಂದು ಹೊಲಿದಳು. ದಾರ ಎಳೆದಾಗಲೆಲ್ಲ ಅವಳು ತನ್ನ ಭಾಷೆಯಲ್ಲಿ ನನಗೆ ಹೇಳುತ್ತಿದ್ದಳು: "ಗಟ್ಟಿಯಾಗಿರು ಮಗನೇ, ನೀನು ಬಹಳ ಒದೆ ತಿನ್ನಬೇಕು." ಬೇರೆ ಮಕ್ಕಳಿಗೆ ಈ ಮಾತು ಹೇಳಿದರೆ ಅಳುತ್ತವೆ. ನಾನು ಹಿಗ್ಗಿಹೋದೆ. ನನ್ನ ಬಿಳಿಯ ತುಂಡುಗಳ ಮೇಲೆ ಒಂದು ಹಿಮದ ಬೆಟ್ಟ, ಅದರ ಹಿಂದೆ ಹುಟ್ಟುತ್ತಿರುವ ಸೂರ್ಯ, ಮುಂದೆ ಎರಡು ಸಿಂಹ ಅಚ್ಚಾಗಿದ್ದವು. ಯಾರದೋ ವಿಶೇಷ ಆರ್ಡರ್ ಅಂತೆ. ಅದು ಯಾವ ಬೆಟ್ಟ ಎಂದು ಅವಳಿಗೂ ತಿಳಿಯದು, ನನಗೂ ತಿಳಿಯದು. ಆ ಬೆಟ್ಟವೇ ನನ್ನ ಹಣೆಬರಹವಾಯಿತು.

ಅಲ್ಲಿಂದ ಮೈಸೂರಿನ ಒಂದು ಅಂಗಡಿಗೆ ಬಂದೆ. ಒಂದು ತಿಂಗಳು ಗಾಜಿನ ಕಪಾಟಿನಲ್ಲಿದ್ದೆ. ಅಂಗಡಿಯ ಯಜಮಾನ ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಯಾರನ್ನಾದರೂ ಬೈಯುತ್ತಲೇ ಇರುತ್ತಿದ್ದ. ನನಗೆ ಕನ್ನಡ ಬಂದದ್ದು ಹಾಗೆ. ನನ್ನ ಮಾತು ಸ್ವಲ್ಪ ಒರಟಾಗಿದ್ದರೆ ತಪ್ಪು ನನ್ನದಲ್ಲ.

ನನ್ನನ್ನು ಆರ್ಡರ್ ಮಾಡಿ ತರಿಸಿದವರು ಸಣ್ಣಸ್ವಾಮಿ ಮೇಷ್ಟ್ರು. ಪಿರಿಯಾಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸೀಟಿ, ಮೂಗಿನ ತುದಿಯಲ್ಲಿ ಸಿಟ್ಟು. ದಿನಾ ಶಾಲೆ ಬಿಟ್ಟ ಮೇಲೆ ಮೊಪೆಡ್ ಹತ್ತಿ ಬೈಲಕುಪ್ಪೆಗೆ ಹೋಗುತ್ತಿದ್ದರು. ಅಲ್ಲಿ ಟಿಬೆಟಿನವರ ಕ್ಯಾಂಪಿನ ಮೈದಾನದಲ್ಲಿ ಒಂದು ಫುಟ್‌ಬಾಲ್ ತಂಡ ಅಭ್ಯಾಸ ಮಾಡುತ್ತಿತ್ತು. ಅದು ಊರಿನ ತಂಡವಲ್ಲ, ದೇಶದ ತಂಡ. ಆದರೆ ಆ ದೇಶಕ್ಕೆ ಅವರು ಹೋಗುವಂತಿಲ್ಲ. ಆಟಗಾರರಲ್ಲಿ ಹೆಚ್ಚಿನವರು ಅದನ್ನು ಕಣ್ಣಿನಿಂದ ಕಂಡವರೂ ಅಲ್ಲ. ಬೈಲಕುಪ್ಪೆ, ಮುಂಡಗೋಡ, ಧರ್ಮಶಾಲಾ ಎಂದು ಚದುರಿ ಬೆಳೆದವರನ್ನು ಆರಿಸಿ ಕೂಡಿಸಿದ್ದರು. ಚಳಿಗಾಲ ಬಂತೆಂದರೆ ಅರ್ಧ ತಂಡ ಊರೂರಿನಲ್ಲಿ ಸ್ವೆಟರ್ ಮಾರಲು ಹೋಗಿಬಿಡುತ್ತಿತ್ತು. ದೊಡ್ಡ ದೊಡ್ಡ ಪಂದ್ಯಾವಳಿಗಳಲ್ಲಿ ಇವರಿಗೆ ಜಾಗವಿಲ್ಲ. ಹಾಗೆ ಜಾಗವಿಲ್ಲದವರೇ ಸೇರಿ ಯೂರೋಪಿನಲ್ಲಿ ಒಂದು ಪಂದ್ಯಾವಳಿ ನಡೆಸುವವರಿದ್ದರು. ಆ ವರ್ಷ ಇವರಿಗೂ ಕರೆ ಬಂದಿತ್ತು.

ಹೊರಡಲು ಒಂದು ವಾರವಿರುವಾಗ ಮೇಷ್ಟ್ರು ನನ್ನ ಡಬ್ಬಿ ಹಿಡಿದು ಮೈದಾನಕ್ಕೆ ಬಂದರು. ಎಲ್ಲರನ್ನೂ ಸುತ್ತ ನಿಲ್ಲಿಸಿ ಮುಚ್ಚಳ ತೆಗೆದರು.

"ನೋಡ್ರಪ್ಪಾ, ನಿಮ್ಮ ಬೆಟ್ಟ, ನಿಮ್ಮ ಸಿಂಹ! ಹೇಳಿ ಮಾಡ್ಸಿದ್ದು. ಈ ಬಾಲಲ್ಲಿ ಆಡಿದ್ರೆ ಅದೆಂಗೆ ಗೋಲ್ ಬೀಳಲ್ಲ ನಾನೂ ನೋಡ್ತೀನಿ."

ತಂಡದ ನಾಯಕ ರಿಗ್ಜಿನ್ ಎರಡೂ ಕೈಯಿಂದ ನನ್ನನ್ನು ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಬಂದು ನನಗೆ ತಲೆ ತಾಗಿಸಿದರು. ಯಾರೋ ಓಡಿ ಹೋಗಿ ಖತಾ ತಂದರು. ಖತಾ ಎಂದರೆ ಅವರು ಗೌರವಕ್ಕೆ ಹೊದಿಸುವ ಬಿಳಿ ರೇಷ್ಮೆಯ ಶಾಲು. ಅದನ್ನು ನನ್ನ ಮೇಲೆ ಹಾಕಿದರು. ಆಗಲೇ ನನಗೆ ಎದೆ ಧಸಕ್ಕೆಂದಿತು.

"ಸಾಕು ಬಿಡ್ರೋ ಪೂಜೆ, ಒದೀರೋ ಒಂದ್ಸಲ!" ಎಂದು ಮೇಷ್ಟ್ರು ಸೀಟಿ ಊದಿದರು.

ರಿಗ್ಜಿನ್ ಕೆಂಪಗಾದ. ಆ ಬೆಟ್ಟ ಅವನ ದೇಶ. ಅದಕ್ಕೆ ಕಾಲು ತಾಗಿಸುವುದು ಹೇಗೆ? ಆದರೆ ಇಷ್ಟು ಪ್ರೀತಿಯಿಂದ ತಂದವರ ಮುಖಕ್ಕೆ ಹೇಳುವುದಾದರೂ ಹೇಗೆ? ಇವರ ದಾಕ್ಷಿಣ್ಯ ನಿಮಗೆ ಗೊತ್ತಿಲ್ಲ. ಪ್ರಾಣ ಹೋದರೂ ಎದುರಿನವರ ಮನಸ್ಸು ನೋಯಿಸುವ ಜನವಲ್ಲ.

"ಸಾರ್, ಇದು ದೊಡ್ಡ ಪಂದ್ಯಕ್ಕೆ ಇರಲಿ ಸಾರ್. ಇಲ್ಲಿ ಮಣ್ಣಾಗುತ್ತೆ," ಎಂದ.

ಮೇಷ್ಟ್ರಿಗೆ ಅದು ಎಷ್ಟು ಸಂತೋಷವಾಯಿತೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನೂ ಪೆದ್ದ, ನಂಬಿಬಿಟ್ಟೆ.

ರಿಗ್ಜಿನ್ ನನ್ನನ್ನು ಮನೆಗೆ ಕೊಂಡೊಯ್ದು ದೇವರ ಗೂಡಿನಲ್ಲಿ ಇಟ್ಟ. ಬುದ್ಧನ ವಿಗ್ರಹ, ಏಳು ಬಟ್ಟಲು ನೀರು, ತುಪ್ಪದ ದೀಪ, ಪಕ್ಕದಲ್ಲಿ ನಾನು. ಕಿಟಕಿಯಿಂದ ಮೈದಾನದ ಒಂದು ಮೂಲೆ ಕಾಣುತ್ತಿತ್ತು. ಅಲ್ಲಿ ಬಣ್ಣ ಹೋದ, ಬೋಳು ಬೋಳಾದ ಒಂದು ಹಳೇ ಚೆಂಡು ದಿನಾ ಸಂಜೆ ಮೇಲೆ ಹಾರಿ ಬೀಳುತ್ತಿತ್ತು. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಒದ್ದ ಸದ್ದು ಕೇಳಿದಾಗಲೆಲ್ಲ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ವಾರ ಕಳೆದು ತಂಡ ಹೊರಟಿತು. ನನ್ನನ್ನೂ ಕರೆದೊಯ್ದರು! ವಿಮಾನದಲ್ಲಿ ಎಲ್ಲರ ಚೀಲ ಸೀಟಿನ ಕೆಳಗೆ ಹೋದರೆ, ನಾನು ಯಾರ ಕಾಲಿನ ಕೆಳಗೂ ಬರಬಾರದೆಂದು ರಿಗ್ಜಿನ್ ನನ್ನನ್ನು ಮೇಲಿನ ಗೂಡಿನಲ್ಲಿ ಇಟ್ಟ. ಪಂದ್ಯದ ದಿನ ಯೂರೋಪಿನ ಮೈದಾನದಲ್ಲಿ ತಂಡ ಸಾಲಾಗಿ ನಿಂತಿತು. ಅವರ ದೇಶದ ಗೀತೆ ಶುರುವಾಯಿತು. ರಿಗ್ಜಿನ್ ನನ್ನನ್ನು ಎದೆಗವಚಿ ಹಾಡುತ್ತಿದ್ದ. ಅವನ ಕಣ್ಣೀರು ನನ್ನ ಮೇಲೆ ಬಿತ್ತು. ಫೋಟೋ ತೆಗೆದರು. ಈಗ ಇಳಿಸುತ್ತಾನೆ, ಈಗ ಹುಲ್ಲಿನ ಮೇಲೆ ಇಡುತ್ತಾನೆ ಎಂದು ನಾನು ಉಸಿರು ಬಿಗಿ ಹಿಡಿದಿದ್ದೆ. ಅವನು ನನ್ನನ್ನು ಒಯ್ದು ಬೆಂಚಿನ ಮೇಲೆ ಖತಾ ಹಾಸಿ ಕೂರಿಸಿದ. ಯಾವುದೋ ಬೇರೆ ಚೆಂಡು ಒಳಗೆ ಬಂತು. ನಾನು ಅತ್ತೆ. ಚೆಂಡು ಅಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಂಡ ಆರು ಗೋಲಿನಿಂದ ಸೋತಿತು. ಆದರೆ ಕೊನೆಯಲ್ಲಿ ರಿಗ್ಜಿನ್ ಒಂದು ಗೋಲು ಹೊಡೆದ. ಆ ಒಂದಕ್ಕೆ ಅವರು ಗೆದ್ದವರಿಗಿಂತ ಹೆಚ್ಚು ಕುಣಿದರು.

ಊರಿಗೆ ಬಂದ ದಿನವೇ ಮೇಷ್ಟ್ರು ಮೊಪೆಡ್‌ನಲ್ಲಿ ಹಾಜರ್. ಫೋಟೋ ಆಗಲೇ ಅವರ ಫೋನಿಗೆ ಬಂದಿತ್ತು. ಅದರಲ್ಲಿ ನಾನು ರಿಗ್ಜಿನ್‌ನ ಎದೆಯ ಮೇಲಿದ್ದೆ.

"ಗೋಲ್ ಬಿದ್ದಿದ್ದು ನನ್ನ ಬಾಲಲ್ಲೇ ತಾನೆ?" ಎಂದು ಬಾಗಿಲಲ್ಲೇ ಕೇಳಿದರು.

ರಿಗ್ಜಿನ್ ಒಂದು ಗಳಿಗೆ ನೆಲ ನೋಡಿದ. "ಹೂಂ ಸಾರ್."

ಮೇಷ್ಟ್ರು ಗೊಳೋ ಎಂದು ಅತ್ತುಬಿಟ್ಟರು. ಆಮೇಲೆ ಪಿರಿಯಾಪಟ್ಟಣದಲ್ಲಿ ಹೋಟೆಲಿಗೆ ಹೋದರೆ ಇದೇ ಮಾತು, ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಇದೇ ಮಾತು, ನಮ್ಮ ಬಾಲು ಯೂರೋಪಿನಲ್ಲಿ ಗೋಲ್ ಹೊಡೀತು ಎಂದು. ರಿಗ್ಜಿನ್ ಮಾತ್ರ ಅಂದಿನಿಂದ ದೀಪ ಹಚ್ಚುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ನನ್ನ ಕಡೆ ನೋಡುತ್ತಿದ್ದವರು ಒಬ್ಬರೇ, ರಿಗ್ಜಿನ್‌ನ ಅಜ್ಜ. ಅವರ ಭಾಷೆಯಲ್ಲಿ ಅಜ್ಜನಿಗೆ ಪೊಪೊಲಾ ಎನ್ನುತ್ತಾರೆ. ಆ ಮನೆಯಲ್ಲಿ ಆ ದೇಶವನ್ನು ಕಂಡವರು ಅವರೊಬ್ಬರೇ. ದಿನವಿಡೀ ನನ್ನ ಎದುರಿಗೆ ಜಪಮಣಿ ತಿರುಗಿಸುತ್ತಾ ಕೂತಿರುತ್ತಿದ್ದರು, ನಡುನಡುವೆ ನನ್ನ ಜೊತೆ ಮಾತು. ಕೇಳಿ ಕೇಳಿ ನನಗೆ ಆ ಭಾಷೆಯೂ ಬಂತು. ಹತ್ತೊಂಬತ್ತರ ಹರೆಯದಲ್ಲಿ ತಾಯಿಯ ಕೈ ಹಿಡಿದು ಇಪ್ಪತ್ತೆರಡು ದಿನ ನಡೆದು ಬಂದರಂತೆ. ಬೂಟು ಹರಿದು, ಬಟ್ಟೆ ಸುತ್ತಿ, ಆ ಬಟ್ಟೆಯೂ ಹರಿದು, ಕೊನೆಯ ಕಣಿವೆಯನ್ನು ಬರಿಗಾಲಿನಲ್ಲೇ ದಾಟಿದರಂತೆ. ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋದವು. ಕಣಿವೆಯ ತುದಿಯಲ್ಲಿ ನಿಂತು ಹಿಂದಿರುಗಿ ಬೆಟ್ಟ ನೋಡಿ, ಇಲ್ಲಿನವರು ಮನೆಯಿಂದ ಹೊರಡುವಾಗ ಹೇಳುವ ಹಾಗೆ, "ಬರ್ತೀನಿ" ಎಂದರಂತೆ. ಆಮೇಲೆ ಬೈಲಕುಪ್ಪೆಯ ಕಾಡು ಕಡಿದು, ಆನೆ ಓಡಿಸಿ, ಜೋಳ ಬೆಳೆದು ಮುದುಕರಾದರು.

"ಒಂದೇ ಒಂದು ಹೆಜ್ಜೆ," ಎನ್ನುತ್ತಿದ್ದರು ನನಗೆ. "ಮತ್ತೆ ಒಂದು ಹೆಜ್ಜೆ ಅಲ್ಲಿಟ್ಟರೆ ಸಾಕಿತ್ತು."

ನನಗೆ ಒಂದು ಒದೆ ಬೇಕಿತ್ತು, ಅವರಿಗೆ ಒಂದು ಹೆಜ್ಜೆ. ಇಬ್ಬರೂ ಎದುರುಬದುರು ಕೂತು ವರ್ಷಗಳನ್ನು ಕಳೆದೆವು. ರಿಗ್ಜಿನ್‌ನ ಮಂಡಿ ಹಾಳಾಗಿ ಆಟ ಬಿಟ್ಟ. ಹೊಸಬರು ಬಂದರು. ಮೈದಾನದ ಬೋಳು ಚೆಂಡು ಒಡೆದುಹೋಯಿತು, ಅದರ ಜಾಗಕ್ಕೆ ಇನ್ನೊಂದು ಬಂತು.

ಒಂದು ದಿನ ಮೇಷ್ಟ್ರ ಮಗಳು ರತ್ನಮಾಲಾ ಫೋನ್ ಮಾಡಿದಳು. ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಆ ಬಾಲನ್ನು ಒಂದ್ಸಲ ನೋಡಬೇಕೆಂದು ಹಟ ಹಿಡಿದಿದ್ದಾರೆ, ಭಾನುವಾರ ಕಾರಿನಲ್ಲಿ ಕರೆತರುತ್ತೇನೆ ಎಂದಳು. "ಅದರ ಮೈಮೇಲೆ ಆ ಪಂದ್ಯದ ಗಾಯ ಹೆಂಗಿದೆ ನೋಡ್ಬೇಕಂತೆ," ಎಂದೂ ಸೇರಿಸಿದಳು.

ಗಾಯ! ನನ್ನ ಮೈಮೇಲೆ ಒಂದು ಗೀರೂ ಇಲ್ಲ. ರಿಗ್ಜಿನ್‌ಗೆ ಬೆವರಿಳಿಯಿತು. ತಂಡದ ಹಳೆಯ ಗೋಲ್‌ಕೀಪರ್ ಫುರ್ಬುವನ್ನು ಕರೆಸಿದ. ಇಬ್ಬರೂ ನನ್ನನ್ನು ಹಿತ್ತಿಲಿಗೆ ಒಯ್ದು, ಒಂದು ಇಟ್ಟಿಗೆ ಚೂರು ಹಿಡಿದು ಕೂತರು. ಉಜ್ಜಿ ಹಳೆಯದು ಮಾಡುವ ಯೋಚನೆ.

"ಉಜ್ಜು."

"ನೀನೇ ಉಜ್ಜು. ಕ್ಯಾಪ್ಟನ್ ನೀನು."

"ಬೆಟ್ಟ ಬಿಟ್ಟು ಪಕ್ಕದಲ್ಲಿ ಉಜ್ಜೋ."

"ಪಕ್ಕದಲ್ಲಿ ಸಿಂಹ ಇದೆಯಲ್ಲೋ!"

ಆರಡಿ ಎತ್ತರದ ಇಬ್ಬರು ಗಂಡಸರು ಒಂದು ಗಂಟೆ ಹೀಗೆ ಇಟ್ಟಿಗೆಯನ್ನು ಅವನ ಕೈಗೆ ಇವನು, ಇವನ ಕೈಗೆ ಅವನು ಕೊಡುತ್ತಾ ಕೂತರು. ನನಗೂ ರೇಗಿಹೋಯಿತು. ಒದೆ ತಿನ್ನದ ಮೈಗೆ ಸುಳ್ಳು ಗಾಯ ಏಕೆ? ಕೊನೆಗೆ ರಿಗ್ಜಿನ್ ಇಟ್ಟಿಗೆ ಎಸೆದು, "ಸಾರ್‌ಗೆ ನಿಜ ಹೇಳಿಬಿಡ್ತೀನಿ," ಎಂದ.

ಭಾನುವಾರ ಮೇಷ್ಟ್ರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಅಷ್ಟು ದೊಡ್ಡ ದನಿಯ ಮನುಷ್ಯ ಒಣಗಿದ ಬಟ್ಟೆಯಂತೆ ಆಗಿಹೋಗಿದ್ದರು. ರಿಗ್ಜಿನ್ ನನ್ನನ್ನು ಅವರ ಮಡಿಲಲ್ಲಿ ಇಟ್ಟ. ಮೇಷ್ಟ್ರು ಎಡಗೈಯ ಹೆಬ್ಬೆರಳಿನಿಂದ ನನ್ನ ಹೊಲಿಗೆಗಳನ್ನು ಒಂದೊಂದಾಗಿ ಸವರಿದರು. ಮೂವತ್ತು ವರ್ಷ ಚೆಂಡಿನ ಜೊತೆ ಬಾಳಿದ ಕೈ ಅದು, ಅದಕ್ಕೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಇದನ್ನ ಒದ್ದೇ ಇಲ್ವಲ್ಲೋ ರಿಗ್ಜಿನ್."

ರಿಗ್ಜಿನ್ ಅವರ ಕಾಲ ಬಳಿ ಕೂತ. "ತಪ್ಪಾಯ್ತು ಸಾರ್. ಸುಳ್ಳು ಹೇಳಿದೆ. ಅದರ ಮೇಲೆ ನಮ್ಮ ದೇಶ ಇದೆ ಸಾರ್. ಕಾಲು ಎತ್ತೋಕೆ ಆಗ್ಲಿಲ್ಲ."

ಮೇಷ್ಟ್ರ ಸೊಟ್ಟ ಬಾಯಿ ನಗುವಿಗೆ ತಿರುಗಿತೋ ಅಳುವಿಗೋ ನನಗೆ ತಿಳಿಯಲಿಲ್ಲ. "ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪುಸ್ತಕಕ್ಕೆ ಕಾಲು ತಗುಲಿದ್ರೆ ಕಣ್ಣಿಗೆ ಒತ್ಕೊಳ್ಳೋನು ನಾನು. ನಿಮ್ಮ ದೇಶಾನೇ ತಂದುಕೊಟ್ಟು ಒದೀರಿ ಅಂದ್ನಲ್ಲೋ! ಆವತ್ತೇ ನನ್ನ ಕೆನ್ನೆಗೆ ಎರಡು ಬಾರಿಸಬಾರದಿತ್ತೇನೋ?" ಎಂದರು. ಆಮೇಲೆ ನನ್ನನ್ನು ಸವರುತ್ತಾ, "ಪಾಪ, ಇದಕ್ಕೊಂದು ಆಟ ಆಡೋ ಯೋಗಾನೂ ಇಲ್ದಂಗೆ ಮಾಡ್ಬಿಟ್ಟೆ," ಎಂದರು.

ಆ ಮಾತು ಕೇಳಿ ನನ್ನೊಳಗಿನ ಗಾಳಿಯೆಲ್ಲ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ನನಗಾಗಿ ಮರುಗಿದವರು ಅವರೊಬ್ಬರೇ.

ಪೊಪೊಲಾ ಜಗುಲಿಯ ಮೇಲಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಜಪಮಣಿಯನ್ನು ಕೊರಳಿಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದರು. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಅಂಗಳಕ್ಕೆ ಬಂದರು. ನನ್ನನ್ನು ನೆಲದ ಮೇಲೆ ಇಡು ಎಂದರು. ರಿಗ್ಜಿನ್‌ನ ತಾಯಿ ಒಳಗಿನಿಂದ ಬೇಡ ಬೇಡ ಎಂದು ಓಡಿ ಬಂದಳು.

"ಸುಮ್ನಿರಮ್ಮಾ," ಎಂದರು ಪೊಪೊಲಾ. ಮೇಷ್ಟ್ರಿಗೂ ತಿಳಿಯಲೆಂದು ತಮ್ಮ ಸಂತೆಯ ಕನ್ನಡದಲ್ಲಿ ಮುಂದುವರಿಸಿದರು. "ಮೇಷ್ಟ್ರೇ, ಈ ಮಕ್ಕಳು ಬೆಟ್ಟ ನೋಡಿಲ್ಲ. ಅದಕ್ಕೆ ಹೆದರ್ತಾರೆ. ನಾನು ಆ ಬೆಟ್ಟ ಈ ಕಾಲಲ್ಲೇ ತುಳ್ದು ಬಂದೋನು. ಬೆಟ್ಟ ನನ್ನ ಬೈಲಿಲ್ಲ."

ಎರಡು ಬೆರಳಿಲ್ಲದ ಆ ಎಡಗಾಲನ್ನು ಮೆಲ್ಲಗೆ ಎತ್ತಿದರು. ಬಂತು, ಬಂದೇಬಿಟ್ಟಿತು ನನ್ನ ಒದೆ ಎಂದು ನಾನು ಮೈ ಬಿಗಿ ಮಾಡಿಕೊಂಡೆ. ಅವರು ಒದೆಯಲಿಲ್ಲ. ಕಾಲನ್ನು ನನ್ನ ಮೇಲೆ, ಆ ಹಿಮದ ಬೆಟ್ಟದ ಮೇಲೆ ಇಟ್ಟರು. ಇಟ್ಟು ಹಾಗೇ ನಿಂತರು. ಅಂಗಾಲು ಬಿರುಕು ಬಿಟ್ಟಿತ್ತು, ಬೆಚ್ಚಗಿತ್ತು. ಮೊಮ್ಮಗನ ಭುಜ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ನನಗೆ ಮಾತ್ರ ಕೇಳಿಸಿತು. "ಬಂದೆ" ಎಂದರು, ಅಷ್ಟೆ.

ಆಮೇಲೆ ಒಂದಿಷ್ಟು ತಳ್ಳಿದರು. ನಾನು ಕೆಂಪು ಮಣ್ಣಿನಲ್ಲಿ ನಾಲ್ಕು ಗೇಣು ಉರುಳಿದೆ. ಮೇಷ್ಟ್ರು ಕುರ್ಚಿಯಲ್ಲಿ ಕೂತಲ್ಲೇ ಚೆನ್ನಾಗಿದ್ದ ತಮ್ಮ ಎಡಗಾಲು ಚಾಚಿ ನನ್ನನ್ನು ತಡೆದರು. "ಶಹಭಾಷ್!" ಎಂದು ಕೂಗಿದರು, ಹಳೆಯ ಮೈದಾನದ ದನಿಯಲ್ಲಿ.

ಮೇಷ್ಟ್ರು ಆ ವರ್ಷವೇ ಹೋದರು. ಪೊಪೊಲಾ ಇನ್ನೆರಡು ವರ್ಷ ಇದ್ದರು. ಅಂದಿನಿಂದ ದಿನಾ ಬೆಳಿಗ್ಗೆ ನನ್ನನ್ನು ಗೂಡಿನಿಂದ ಇಳಿಸಿ ಜಗುಲಿಯ ಮೇಲೆ ಇಡಿಸಿಕೊಳ್ಳುತ್ತಿದ್ದರು. ಬಿಸಿಲಿಗೆ ಕೂತು, ಚಪ್ಪಲಿ ಬಿಟ್ಟು, ನನ್ನ ಮೇಲೆ ಕಾಲಿಟ್ಟುಕೊಂಡು ಜಪ ಮಾಡುತ್ತಿದ್ದರು. ಸೊಸೆ ಮೊದಮೊದಲು ಮುಖ ಸಿಂಡರಿಸಿದಳು, ಆಮೇಲೆ ಅವಳೇ ನನ್ನನ್ನು ತಂದು ಇಡುತ್ತಿದ್ದಳು. ಹೋದ ಚಳಿಗಾಲದಲ್ಲಿ, ರಿಗ್ಜಿನ್ ಸ್ವೆಟರ್ ಮಾರಲು ದಾವಣಗೆರೆಗೆ ಹೋಗಿದ್ದಾಗ, ಪೊಪೊಲಾ ತೀರಿಕೊಂಡರು.

ನನ್ನನ್ನು ಮತ್ತೆ ಗೂಡಿನಲ್ಲಿ ಇಟ್ಟಿದ್ದಾರೆ. ಹೊಸ ಖತಾ ಹೊದಿಸಿದ್ದಾರೆ. ಗಾಳಿ ಕಡಿಮೆಯಾಗುತ್ತಾ ಬಂದಿದೆ, ಯಾರೂ ಪಂಪು ಹಿಡಿಯುವುದಿಲ್ಲ. ಮೈದಾನದಿಂದ ಒದ್ದ ಸದ್ದು ಈಗಲೂ ಕೇಳುತ್ತದೆ. ಮೊದಲಿನ ಹಾಗೆ ಮೈ ಜುಮ್ಮೆನ್ನುವುದಿಲ್ಲ. ಬೆಳಿಗ್ಗೆ ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ಮಾತ್ರ ನನಗೆ ತಡೆಯಲಾಗುವುದಿಲ್ಲ. ಎರಡು ಬೆರಳಿಲ್ಲದ ಆ ಬೆಚ್ಚನೆಯ ಕಾಲು ಬೇಕೆನಿಸುತ್ತದೆ.