ಟಾಪಿಗೆ ಅಮಾಸಿ ಎಣ್ಣಿ

ಕಲ್ಯಾಣದ ಸೂಗಮ್ಮನವರ ಹಳೇ ಕಾರಿಗೆ ಬಟ್ಟೆಯ ಟಾಪು. ಗುಂಡಿ ಒತ್ತಿದ್ರ ತಾನ ಏಳಬೇಕು, ತಾನ ಮಡಚಬೇಕು. ಎಣ್ಣಿ ಒತ್ತಡದಿಂದ ಅದನ್ನ ಎತ್ತೋ ಎರಡೂ ಸಿಲಿಂಡರು ಎರಡು ವರ್ಷದಾಗ ಎರಡನೇ ಸಲ ಕೆಟ್ಟಿದ್ವು. ಹುಮನಾಬಾದದಿಂದ ಬಸ್ಸಿನಾಗ ರಿಪೇರಿ ಸಾಮಾನು ಹೊತ್ಕೊಂಡು ಹೋಗಿ, ಹಿಂದಿನ ಸೀಟು ಕಿತ್ತು ನೋಡಿದೆ. ಒಳಗಿನ ರಬ್ಬರು ನೆನೆಸಿದ ಕಡ್ಲಿಯಂಗ ಉಬ್ಬಿತ್ತು. ಮೂಸಿದೆ. ಕುಸುಬಿ ಎಣ್ಣಿ!

"ಯಾರು ಹಾಕ್ಯಾರ್ರಿ ಇದನ್ನ?"

"ನಾನ ಹಾಕೀನಿ ಭೀಮಶಾ. ಅಮಾಸಿಗೊಮ್ಮೆ ಗಾಡಿ ಪೂಜಾ ಮಾಡಿ, ದೀಪಕ್ಕ ಹಾಕಿದ ಮ್ಯಾಲ ಟಾಪಿನ ಎಣ್ಣಿ ಟಾಕಿಗೂ ಇಷ್ಟು ಹಾಕ್ತೀನಿ. ಎತ್ತಿಗೆ ಎಣ್ಣಿ ಕುಡಸೂದಿಲ್ಲೇನು?"

"ಇದು ಎತ್ತಲ್ರಿ ಅವ್ವಾರ. ಇದಕ್ಕ ಬ್ರೇಕ್ ಎಣ್ಣಿ ಒಂದ ನಡೀತದ," ಅಂತ ಹಲ್ಲು ಕಡದು ಹೇಳಿದೆ.

ಎರಡು ದಿನ ಬೆನ್ನು ಬಗ್ಗಿಸಿ ಪೈಪು ತೊಳದು, ಹೊಸ ಸಿಲಿಂಡರು ಕೂಡಿಸಿದೆ. ಟಾಪು ಎದ್ದಿತು. ಬ್ರೇಕ್ ಎಣ್ಣಿ ಡಬ್ಬಿ ಅವರ ಕೈಯಾಗ ಕೊಟ್ಟು, "ಹಾಕೂದಾದ್ರ ಇದನ್ನ ಹಾಕ್ರಿ" ಅಂದೆ.

ಎಂಟು ತಿಂಗಳಿಗೆ ಮತ್ತ ಹೇಳಿಕಳಿಸಿದ್ರು. ಟಾಪು ಅರ್ಧಕ್ಕ ನಿಂತಿತ್ತು. ಸೀಟು ಕಿತ್ತೆ. ಅದೇ ಕುಸುಬಿ ವಾಸನಿ.

"ನಾ ಕೊಟ್ಟ ಡಬ್ಬಿ ಎಲ್ಲೈತ್ರಿ?"

ಸೂಗಮ್ಮ ದೇವರ ಜಗಲಿ ತೋರಿಸಿದ್ರು. ಮುಚ್ಚಳನೂ ತಗೀಲಾರದ ಡಬ್ಬಿ, ಮೈತುಂಬ ವಿಭೂತಿ, ಕುಂಕುಮ. ಅದರ ಮುಂದ ಕುಸುಬಿ ಎಣ್ಣಿ ದೀಪ ತಣ್ಣಗ ಉರಿಯಾಕತ್ತಿತ್ತು.